ಮಶೇರಿ ಬಿಟ್ಟ ಮಳೆಗಾಲ

ಹೋದ ತಿಂಗಳು ತಮ್ಮನ ಬಸುರಿ ಸೊಸೆಯ ಕುಬಸಕ್ಕೆಂದು ಅಮ್ಮಿನಬಾವಿಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಬಂದರೆ ಪಕ್ಕದ ಮನೆಯಿಂದ ತಂಬಾಕು ಹುರಿಯುವ ವಾಸನೆ ಬಂತು. ಬೇರೆಯವರಾದರೆ ಆ ಘಾಟಿಗೆ ಕೆಮ್ಮಿ ಮೂಗಿಗೆ ಸೆರಗು ಹಿಡಿಯುತ್ತಾರೆ. ನನಗೆ ಬಾಯಲ್ಲಿ ನೀರೂರಿತು. ಸುಳ್ಳು ಯಾಕೆ ಹೇಳಲಿ, ಬಿಟ್ಟು ಮೂರು ವರ್ಷವಾದರೂ ತೋರುಬೆರಳು ತಾನಾಗಿ ಬಾಯಿಯ ಕಡೆ ಹೋಗಿತ್ತು. ಅದರ ಬೆನ್ನಿಗೇ ಗಂಗಕ್ಕ ನೆನಪಾದಳು. ವಾಪಸು ಬಸ್ಸು ಹತ್ತಿ ಧಾರವಾಡ ದಾಟಿ ನವನಗರದಲ್ಲಿ ಇಳಿಯುವವರೆಗೂ ಆ ಒಂದು ಮಳೆಗಾಲ ನನ್ನನ್ನು ಬಿಡಲಿಲ್ಲ.

ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ, ಸಣ್ಣ ಡಬ್ಬಿಯಲ್ಲಿ ತುಂಬಿಟ್ಟುಕೊಂಡರೆ ಅದೇ ಮಶೇರಿ. ಬೆಳಿಗ್ಗೆ ಎದ್ದು ಹಲ್ಲಿಗೆ ತಿಕ್ಕುವುದು, ಊಟವಾದ ಮೇಲೆ ಇನ್ನೊಮ್ಮೆ, ಬೇಸರವಾದರೆ ಮತ್ತೊಮ್ಮೆ. ಗುಟ್ಕಾ ಹಾಕುವ ಗಂಡಸರನ್ನು ನಾವು ಚಟದವರು ಎಂದು ಬೈಯುತ್ತಿದ್ದೆವು. ನಾವು ಮಾತ್ರ ಚಟದವರಲ್ಲ, ಹಲ್ಲು ತಿಕ್ಕುವವರು. ಹಾಗಂತ ನಮಗೆ ನಾವೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೆವು.

ನಾನು ಆಗಲೂ ಈಗಲೂ ನವನಗರದ ಒಂದು ರೊಟ್ಟಿ ಮನೆಯಲ್ಲಿ ಕೆಲಸ ಮಾಡುವವಳು. ನಾಲ್ಕು ಒಲೆ, ನಾಲ್ವರು ಹೆಂಗಸರು. ಖಾನಾವಳಿಗೆ ಬಿಸಿ ರೊಟ್ಟಿ, ಅಂಗಡಿಗೆ ಕಡಕ ರೊಟ್ಟಿ, ಮದುವೆ, ಮನೆ ತುಂಬಿಸುವುದು ಇದ್ದರೆ ಎರಡೂ. ಬೆಳಗಿನ ಐದಕ್ಕೆ ಎಸರು ಇಟ್ಟರೆ ಹನ್ನೊಂದರವರೆಗೆ ಬೆನ್ನು ಎತ್ತುವ ಹಾಗಿಲ್ಲ. ಹನ್ನೊಂದಕ್ಕೆ ಒಲೆ ಸಣ್ಣ ಮಾಡಿ, ಕೈಗೆ ಅಂಟಿದ ಹಿಟ್ಟು ತೊಳೆದು, ಹಿಂಬಾಗಿಲಲ್ಲಿ ಸಾಲಾಗಿ ಕೂರುತ್ತಿದ್ದೆವು. ಡಬ್ಬಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು. ಬಾಯಲ್ಲಿ ಬೆರಳಿದ್ದಾಗ ಮಾತಾಡಲು ಆಗುವುದಿಲ್ಲ. ಆ ಹತ್ತು ನಿಮಿಷ ಯಾರೂ ಯಾರಿಗೂ ಏನೂ ಕೇಳುತ್ತಿರಲಿಲ್ಲ, ಹೇಳುತ್ತಿರಲಿಲ್ಲ. ದಿನದಲ್ಲಿ ನಮಗೆ ಸಿಗುತ್ತಿದ್ದ ವಿಶ್ರಾಂತಿ ಅದೊಂದೇ.

ಗಂಗಕ್ಕ ನಮ್ಮೆಲ್ಲರಿಗಿಂತ ಹಿರಿಯಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಒಡಹುಟ್ಟಿದವಳಲ್ಲದಿದ್ದರೂ ಅಕ್ಕನೇ. ಹೊಸ ಜೋಳದ ಹಿಟ್ಟು ಬಂದ ದಿನ ಮೊದಲ ಕಡಕ ರೊಟ್ಟಿಯನ್ನು ಅವಳು ಕಡಿದು ನೋಡಬೇಕು. ಕಣ್ಣು ಮುಚ್ಚಿ ಎರಡು ಸಲ ಅಗಿದು, ಜೋಳ ಹಳೆಯದೋ, ಗಿರಣಿಯ ಕಲ್ಲಿನ ಪುಡಿ ಬಿದ್ದಿದೆಯೋ, ಹದ ಕಡಿಮೆಯೋ ಹೇಳಿಬಿಡುತ್ತಿದ್ದಳು. ಮನೆ ಒಡತಿಯೂ ಅವಳ ಮಾತಿಗೆ ಎದುರಾಡುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ವರ್ಷ ದವಡೆ ಹಲ್ಲು ನೋವಿನಿಂದ ಒದ್ದಾಡುತ್ತಿದ್ದಾಗ ಮೊದಲ ಸಲ ನನ್ನ ಬೆರಳಿಗೆ ಮಶೇರಿ ಹಚ್ಚಿಕೊಟ್ಟವಳೂ ಅವಳೇ. ತಲೆ ಗಿರ್ರೆಂದಿತು, ನೋವು ಮರೆತುಹೋಯಿತು. ಪ್ರೀತಿಯಿಂದಲೇ ಕೊಟ್ಟಳು. ಅದಕ್ಕೆ ಅವಳನ್ನು ನಾನು ಯಾವತ್ತೂ ದೂರಿಲ್ಲ.

ಮಶೇರಿ ಬಿಟ್ಟ ವರ್ಷ ಜೂನಿನ ಮಿರಗದ ಮಳೆ ಹೊತ್ತಿಗೆ ಸರಿಯಾಗಿ ಹಿಡಿದಿತ್ತು. ತೇವಕ್ಕೆ ಕಡಕ ರೊಟ್ಟಿ ಮೆತ್ತಗಾಗುತ್ತಿದ್ದವು, ಎರಡೆರಡು ಸಲ ಸುಡಬೇಕಾಗಿತ್ತು. ನನ್ನ ಬಾಯಿಯ ಕಥೆ ಅದಕ್ಕೂ ಮೊದಲೇ ಶುರುವಾಗಿತ್ತು. ತಲೆದಿಂಬಿನ ಮೇಲೆ ಬೆಳಿಗ್ಗೆ ರಕ್ತದ ಕಲೆ ಇರುತ್ತಿತ್ತು. ಬಾಯಿಯ ವಾಸನೆ ನನಗೇ ಗೊತ್ತಾಗಿ, ಮಾತಾಡುವಾಗ ಸೆರಗು ಅಡ್ಡ ಹಿಡಿಯುವುದು ರೂಢಿಯಾಗಿತ್ತು. ಒಂದು ದಿನ ರೊಟ್ಟಿಯ ತುಂಡು ಕಡಿದರೆ ಕೆಳಗಿನ ಮುಂದಿನ ಹಲ್ಲು ನಾಲಿಗೆಯ ಕಡೆ ವಾಲಿತು. ಬೆರಳಿನಿಂದ ಮುಟ್ಟಿ ನೋಡಿದೆ. ಪಕ್ಕದ್ದೂ ಅಲುಗಾಡಿತು. ಐವತ್ತು ತುಂಬಿರಲಿಲ್ಲ ನನಗೆ. ಬಚ್ಚಲಲ್ಲಿ ನಿಂತು ಅತ್ತೆ, ಆಮೇಲೆ ಮುಖ ತೊಳೆದುಕೊಂಡು ಕೆಲಸಕ್ಕೆ ಹೋದೆ.

ಧಾರವಾಡದ ಹಲ್ಲಿನ ಕಾಲೇಜಿಗೆ ಒಬ್ಬಳೇ ಹೋದೆ. ಚೀಟಿ ಮಾಡಿಸು, ಕೂರು, ಎಕ್ಸ್‌ರೇ ತೆಗೆಸು, ಮತ್ತೆ ಕೂರು, ರಕ್ತ ಕೊಡು, ಸಕ್ಕರೆ ಕಾಯಿಲೆ ಇದೆಯೋ ನೋಡಿಸು, ಮತ್ತೆ ಕೂರು. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ಬಾಯಿ ತೆರೆಸಿ, ಸಣ್ಣ ಕಡ್ಡಿಯೊಂದನ್ನು ಪ್ರತಿ ಹಲ್ಲಿನ ಬುಡಕ್ಕೂ ಇಳಿಸಿ, ಎಷ್ಟು ಆಳ ಹೋಗುತ್ತದೆಂದು ಬರೆಸುತ್ತಾ ಹೋದಳು. ಮೂರು, ಐದು, ಏಳು. ಪರೀಕ್ಷೆಯ ಮಾರ್ಕು ಹೆಚ್ಚಾದಷ್ಟೂ ಒಳ್ಳೆಯದೆಂದು ತಿಳಿದು ನಾನು ಏಳು ಕೇಳಿ ಸಮಾಧಾನಪಟ್ಟೆ. ದಡ್ಡಿ ನಾನು, ಆಳ ಹೆಚ್ಚಿದಷ್ಟೂ ವಸಡು ಕೆಟ್ಟಿದೆ ಎಂದರ್ಥ.

"ಎಷ್ಟ ವರ್ಷ ಆತ್ರಿ, ಮಶೇರಿ ಹಚ್ಚಾಕತ್ತು?" ಎಂದಳು.

"ಇಪ್ಪತ್ತು ಇಪ್ಪತ್ತೆರಡು ಆಗಿರಬೇಕ್ರಿ."

"ನಿಮ್ಮ ಹಲ್ಲ ಗಟ್ಟಿ ಅದಾವ್ರಿ. ಒಂದಕ್ಕೂ ಹುಳಾ ಬಿದ್ದಿಲ್ಲ. ಆದ್ರ ವಸಡಿನ ಒಳಗ ಕೊಳಿ ಕೂತು, ಹಲ್ಲ ಹಿಡಕೊಂಡಿದ್ದ ಎಲುಬ ಕರಗಾಕತ್ತೈತಿ. ಗ್ವಾಡಿ ಎಷ್ಟ ಗಟ್ಟಿ ಇದ್ರ ಏನ್ರಿ, ಪಾಯಾ ಹೋದ ಮ್ಯಾಲೆ?"

"ಮತ್ತ ಆರಾಮ ಆಗ್ತೈತೇನ್ರಿ?"

"ಹೋದ ಎಲುಬ ಮೊದಲಿನಂಗ ಆಗೂದಿಲ್ರಿ. ಇದ್ದದ್ದ ಉಳಿಸ್ಕೋಬೇಕು. ಇದು ಒಂದ ಸಲ ಮಾಡಿ ಕೈ ತೊಳ್ಕೊಳ್ಳೂ ಕೆಲಸ ಅಲ್ಲ. ಸಕ್ಕರಿ ಬ್ಯಾನಿ ಇದ್ದವರು ಹ್ಯಾಂಗ ದಿನಾ ನೋಡ್ಕೋತಾರ, ಹಂಗ ಜೀವ ಇರೂ ತನಕ ನೋಡ್ಕೋಬೇಕು. ಮೊದಲ ಮಶೇರಿ ಬಿಡ್ರಿ." ಕೈಗವಸು ತೆಗೆಯುತ್ತಾ ಅವಳು ಇನ್ನೊಂದು ಮಾತು ಸೇರಿಸಿದಳು. "ಬಿಟ್ಟ ಮ್ಯಾಲೆ ಸ್ವಲ್ಪ ದಿನ ರಕ್ತ ಜಾಸ್ತಿ ಬರಬಹುದು. ಅಂಜಬ್ಯಾಡ್ರಿ. ಇಷ್ಟ ದಿನಾ ತಂಬಾಕು ಅದನ್ನ ಮುಚ್ಚಿ ಇಟ್ಟಿರ್ತೈತಿ. ಛಲೋತ್ನಂಗ ಬ್ರಷ್ ಮಾಡ್ಕೋತ ಹೋದ್ರ ತಾನ ನಿಲ್ತೈತಿ. ನಿಲ್ಲಲಿಲ್ಲಂದ್ರ ನನ್ನ ಕಡೆ ಬರ್ರಿ, ಡಬ್ಬಿ ಕಡೆ ಹೋಗಬ್ಯಾಡ್ರಿ."

ಡಬ್ಬಿ ಬಿಟ್ಟೆ. ಬಿಟ್ಟೆ ಎಂದು ಬರೆಯಲು ಒಂದು ಸಾಲು ಸಾಕು. ಹನ್ನೊಂದು ಗಂಟೆಗೆ ಉಳಿದ ಮೂವರು ಹಿಂಬಾಗಿಲಲ್ಲಿ ಕೂತಾಗ ನಾನು ಒಳಗೇ ಉಳಿದು ಪಾತ್ರೆ ತಿಕ್ಕುತ್ತಿದ್ದೆ. ತಲೆ ಸಿಡಿಯುತ್ತಿತ್ತು, ಕಾರಣವಿಲ್ಲದೆ ಎಲ್ಲರ ಮೇಲೂ ರೇಗುತ್ತಿದ್ದೆ. ವಾರಕ್ಕೊಂದು ದಿನ ಮಧ್ಯಾಹ್ನ ಮಳೆಯಲ್ಲಿ ಬಸ್ಸು ಹತ್ತಿ ಧಾರವಾಡ. ವಸಡಿಗೆ ಮರಗಟ್ಟುವ ಸೂಜಿ ಚುಚ್ಚಿ, ಬಾಯಿಯ ಒಂದೊಂದು ಭಾಗವನ್ನು ವಸಡಿನ ಒಳಗಿಂದ ಕೆರೆದು ತೆಗೆಯುತ್ತಿದ್ದರು. ಕಲ್ಲಿನಂತೆ ಗಟ್ಟಿಯಾದ ಕರಿ ಚೂರುಗಳು ಬಂದವು. ಕೊಳೆ ಹೋದ ಮೇಲೆ ಹಲ್ಲುಗಳ ನಡುವೆ ಸಂದು ಕಾಣಿಸಿತು, ನೀರು ಕುಡಿದರೆ ಜುಮ್ಮೆನ್ನುತ್ತಿತ್ತು. ದುಡ್ಡು ಕೊಟ್ಟು ಹಲ್ಲು ಸಡಿಲ ಮಾಡಿಸಿಕೊಂಡು ಬಂದಳು ಎಂದು ರೊಟ್ಟಿ ಮನೆಯಲ್ಲಿ ನಕ್ಕರು. ಆದರೆ ತಿಂಗಳೊಳಗೆ ದಿಂಬಿನ ಮೇಲಿನ ಕಲೆ ನಿಂತಿತು. ಬಾಯಿಯ ವಾಸನೆ ಹೋಯಿತು. ಒಂದು ದಿನ ಸೆರಗು ಅಡ್ಡ ಹಿಡಿಯದೆ ಮಾತಾಡಿದ್ದು ಮಾತು ಮುಗಿದ ಮೇಲೆ ಗೊತ್ತಾಯಿತು, ಖುಷಿಯಾಯಿತು.

ಖುಷಿಯಾದವಳು ಸುಮ್ಮನಿರಬೇಕಿತ್ತು. ಇರಲಿಲ್ಲ. ಗಂಗಕ್ಕನ ಬೆನ್ನು ಹತ್ತಿದೆ. ಅವಳ ಕೆಳಗಿನ ಎರಡು ಹಲ್ಲು ಸಣ್ಣಗೆ ಅಲುಗಾಡುತ್ತಿದ್ದವು, ಪಂಚಮಿಯ ಶೇಂಗಾ ಉಂಡಿಯನ್ನು ದವಡೆಗೆ ತಳ್ಳಿ ತಿನ್ನುತ್ತಿದ್ದಳು. "ಅಕ್ಕಾ, ಒಂದ ಸಲ ತೋರಿಸು" ಎಂದರೆ, "ಈಗೇನ ಮದುವಿ ಆಗೂದೈತೇನ ನನಗ?" ಎನ್ನುತ್ತಿದ್ದಳು. ನಾನು ಬಿಡಲಿಲ್ಲ. ಶ್ರಾವಣದ ಒಂದು ದಿನ ಕೈ ಹಿಡಿದು ಎಳೆದುಕೊಂಡೇ ಹೋದೆ. ಅವತ್ತು ಕಾಲೇಜಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರಮ್ಮ ಅವಳ ಬಾಯಿ ನೋಡಿ ಬೆನ್ನು ತಟ್ಟಿದಳು.

"ಅಜ್ಜಿ, ನಿಮ್ಮ ಹಲ್ಲ ಇವರ ಹಲ್ಲಿಗಿಂತ ಛಲೋ ಅದಾವ್ರಿ. ಮಶೇರಿ ಬಿಟ್ಟು, ನಾಕ ಸಲ ಬಂದು ಸ್ವಚ್ಛ ಮಾಡಿಸ್ಕೊಂಡ್ರ ಎಲ್ಲಾ ಉಳೀತಾವು." ಆಮೇಲೆ ನನ್ನ ಕಡೆ ತಿರುಗಿ, "ನಿಮಗ ಎಲ್ಲಾ ಗೊತ್ತೈತೆಲ್ರಿ, ಇವರಿಗೆ ತಿಳಿಸಿ ಹೇಳ್ರಿ" ಎಂದು ಮುಂದಿನವರನ್ನು ಕರೆದಳು.

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲ ಹೇಳಿದೆ. ಬ್ರಷ್ಷು ಹೇಗೆ ಹಿಡಿಯಬೇಕು, ಬಿರುಸಾಗಿ ಯಾಕೆ ತಿಕ್ಕಬಾರದು, ಸಂದಿಯಲ್ಲಿ ಹಾಕುವ ಸಣ್ಣ ಬ್ರಷ್ಷು ಯಾವುದು, ಉಪ್ಪುನೀರು ಯಾವಾಗ. ರಕ್ತದ ಮಾತೊಂದನ್ನು ಮಾತ್ರ ಹೇಳಲಿಲ್ಲ. ಮರೆತು ಅಲ್ಲ. ಗಂಗಕ್ಕನಿಗೆ ರಕ್ತ ಎಂದರೆ ಅಂಜಿಕೆ, ಬೆರಳು ಕೊಯ್ದುಕೊಂಡರೆ ಮುಖ ತಿರುಗಿಸಿ ನಮ್ಮ ಕೈಗೆ ಬೆರಳು ಕೊಡುವವಳು. ಬಿಟ್ಟರೆ ರಕ್ತ ಬರುತ್ತದೆ ಎಂದು ಹೇಳಿದರೆ ಬಿಡುವುದೇ ಇಲ್ಲ ಎನಿಸಿತು. ಬಂದಾಗ ನೋಡಿದರಾಯಿತು, ಪಕ್ಕದಲ್ಲೇ ಇರುತ್ತೇನಲ್ಲ ಎಂದುಕೊಂಡೆ. ಬಹಳ ಶ್ಯಾಣೇತನ ಮಾಡಿದೆ ಎಂಬ ಹೆಮ್ಮೆಯೂ ಇತ್ತು.

ಗಂಗಕ್ಕ ನಿಜವಾಗಿಯೂ ಬಿಟ್ಟಳು. ತನ್ನ ಡಬ್ಬಿಯನ್ನು ಪಕ್ಕದ ಒಲೆಯ ಶಾಂತವ್ವನ ಕೈಗೆ ಕೊಟ್ಟು, "ತಗೋ, ನಿನಗ ಉಂಬಳಿ" ಎಂದಳು. ಶಾಂತವ್ವ ನನಗಿಂತ ಹತ್ತು ವರ್ಷ ಚಿಕ್ಕವಳು, ಮಾತು ಬಿರುಸು. "ಹೊಸ ಡಾಕ್ಟರ್ ಒಬ್ಬಾಕಿ ಸಾಲದು ಅಂತ ಇನ್ನೊಬ್ಬಾಕಿ ಹುಟ್ಟಿದ್ಲು" ಎಂದು ನಕ್ಕಳು. ಹನ್ನೊಂದು ಗಂಟೆಗೆ ನಾನು ಮತ್ತು ಗಂಗಕ್ಕ ಒಳಗೆ ಕೂತು ಪುಟಾಣಿ ಬೆಲ್ಲ ತಿನ್ನತೊಡಗಿದೆವು. ಅವಳಿಗೂ ತಲೆ ಸಿಡಿಯುತ್ತಿತ್ತು. "ನಿನ್ನ ಸಲುವಾಗಿ ತಡಕೊಂಡೇನಿ ನೋಡವ್ವಾ ಮಾದೇವಿ" ಎನ್ನುತ್ತಿದ್ದಳು. ಒಂದು ಸಲ ಕಾಲೇಜಿಗೂ ಬಂದು ಕೆಳಗಿನ ಒಂದು ಭಾಗ ಸ್ವಚ್ಛ ಮಾಡಿಸಿಕೊಂಡಳು.

ಅವಳು ಬಿಟ್ಟ ಮೂರನೇ ವಾರ ನನ್ನ ಗ್ರಹಚಾರ ಕೆಟ್ಟಿತು. ನನ್ನ ಕೆಳಗಿನ ಮುಂದಿನ ಹಲ್ಲುಗಳ ಬುಡದಲ್ಲಿ ಕಡ್ಡಿ ಇಳಿಯುವ ಆಳ ಕಡಿಮೆಯಾಗಿರಲಿಲ್ಲ, ವಸಡು ಬಿಡಿಸಿ ಒಳಗೆ ಸ್ವಚ್ಛ ಮಾಡಬೇಕು ಎಂದರು. ಮಾಡಿದರು. ಹೊಲಿಗೆ ಹಾಕಿ, ಮೇಲೆ ಗುಲಾಬಿ ಬಣ್ಣದ ಗಟ್ಟಿ ಮುಲಾಮು ಮೆತ್ತಿದರು. ಅವತ್ತೆಲ್ಲ ಬಾತ ತುಟಿ ಹಿಡಿದುಕೊಂಡು ಮಲಗಿದೆ. ಮರುದಿನ ಎಂಟುನೂರು ರೊಟ್ಟಿಯ ಆರ್ಡರು ಇತ್ತು, ರಜೆ ಕೇಳಲು ಬಾಯಿಯೂ ಬರಲಿಲ್ಲ, ಮನಸ್ಸೂ ಬರಲಿಲ್ಲ. ಹೊರಗೆ ಜಿಟಿಜಿಟಿ ಮಳೆ, ಒಳಗೆ ನಾಲ್ಕು ಒಲೆಯ ಹೊಗೆ. ರೊಟ್ಟಿ ಬಡಿದ ಪೆಟ್ಟೆಲ್ಲ ದವಡೆಗೆ ಬಡಿಯುತ್ತಿತ್ತು. ಬರೇ ಗಂಜಿ ಕುಡಿದ ಹೊಟ್ಟೆ, ಕಣ್ಣು ಕತ್ತಲೆ ಬರುತ್ತಿತ್ತು.

ಆಗ ಗಂಗಕ್ಕ ಬಚ್ಚಲಿನಿಂದ ಬಂದಳು. ಕೈಯಲ್ಲಿ ಬ್ರಷ್ಷು. ನೊರೆ ಕೆಂಪಗಿತ್ತು.

"ಮಾದೇವಿ, ಇದೇನ ಹಿಂಗ ರಕ್ತ ಬರಾಕತ್ತೈತಿ? ಮೂರ ದಿನಾ ಆತು. ನಿನಗ ಹೇಳೂದು ಬ್ಯಾಡ ಅಂತ ಸುಮ್ನಿದ್ದೆ. ಮಶೇರಿ ಹಚ್ಚೂ ಮುಂದ ಒಂದ ಹನಿ ಬಂದಿದ್ದಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಶಾಂತವ್ವ ಶುರು ಮಾಡಿದಳು. "ಮತ್ತ ಬರದ ಏನ ಮಾಡ್ತೈತಿ? ಮಶೇರಿ ವಸಡ ಗಟ್ಟಿ ಹಿಡದಿತ್ತು. ಬಿಡಿಸಿದ್ರು, ಕೆರದ್ರು, ಸಡ್ಲ ಮಾಡಿದ್ರು. ಈಕಿ ಮಾರಿ ನೋಡು, ಹ್ಯಾಂಗ ಬಾತೈತಿ. ನಿನಗೂ ಹಂಗ ಆಗಬೇಕೇನ?"

ಗಂಗಕ್ಕ ಶಾಂತವ್ವನ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. "ನೀ ಹೇಳವ್ವಾ. ನೀ ಹೇಳಿದಂಗ ಕೇಳ್ತೇನಿ."

ನಾಲ್ಕು ಮಾತು ಸಾಕಿತ್ತು. ಡಾಕ್ಟರಮ್ಮ ಹೇಳಿದ್ದನ್ನು ಹಾಗೆಯೇ ಒಪ್ಪಿಸಿದ್ದರೆ ಮುಗಿಯುತ್ತಿತ್ತು. ಆದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ, ಅದಕ್ಕೆ ಉತ್ತರ ಕೊಡಬೇಕು, ಶಾಂತವ್ವನ ಜೊತೆ ವಾದ ಮಾಡಬೇಕು, ಹೊಲಿಗೆ ಹಾಕಿದ ಬಾಯಿಯಿಂದ. ನನಗೆ ಸಾಕಾಗಿತ್ತು. ಎಲ್ಲರ ಹಲ್ಲೂ, ಎಲ್ಲರ ಒಲೆಯೂ ಸಾಕಾಗಿತ್ತು. ಕೈ ಬೀಸಿ ಹೇಳಿದೆ: "ನನಗೇನ ಗೊತ್ತಕ್ಕಾ. ನಿನಗ ಹ್ಯಾಂಗ ಛಲೋ ಅನಸ್ತೈತಿ ಹಂಗ ಮಾಡು."

ಅವಳು ಬ್ರಷ್ಷನ್ನು ಕಿಟಕಿಯಲ್ಲಿಟ್ಟು, ಡಬ್ಬಿ ಕೊಡೆಂದು ಶಾಂತವ್ವನ ಮುಂದೆ ಕೈ ಚಾಚಿದಳು.

ಮೂರೇ ದಿನಕ್ಕೆ ರಕ್ತ ಕಡಿಮೆಯಾಯಿತು. ಅದು ಎಲ್ಲರಿಗೂ ಸಾಕ್ಷಿಯಾಯಿತು. ಮಶೇರಿ ವಸಡಿಗೆ ಔಷಧ ಎಂಬುದು ನಮ್ಮ ರೊಟ್ಟಿ ಮನೆಯಲ್ಲಿ ಕಲ್ಲಿನಲ್ಲಿ ಕೆತ್ತಿದ ಮಾತಾಯಿತು. ನಾನು ಮರುದಿನ ಹೇಳಬಹುದಿತ್ತು. ಹೊಲಿಗೆ ಬಿಚ್ಚಿದ ದಿನ ಹೇಳಬಹುದಿತ್ತು. ದಿನ ಕಳೆದಂತೆ ಹೇಳುವುದು ಕಷ್ಟವಾಗುತ್ತಾ ಹೋಯಿತು, ಯಾಕೆಂದರೆ ಮುಚ್ಚಿಟ್ಟಿದ್ದನ್ನೂ ಹೇಳಬೇಕಿತ್ತು. ಇನ್ನೂ ಒಂದು ಖರೇ ಮಾತು ಹೇಳಿಬಿಡುತ್ತೇನೆ. ನನ್ನ ಬಾಯಿ ಉರಿಯುತ್ತಿರುವಾಗ ಅವಳು ಹಿಂಬಾಗಿಲಲ್ಲಿ ಬೆರಳು ಬಾಯಿಗಿಟ್ಟು ಆರಾಮಾಗಿ ಕೂತಿದ್ದು ಕಂಡು ನನಗೆ ಸಿಟ್ಟು ಬರುತ್ತಿತ್ತು. ಇರಲಿ, ಅನುಭವಿಸಲಿ ಎಂದು ಒಂದೆರಡು ಸಲ ಅಂದುಕೊಂಡದ್ದೂ ಉಂಟು.

ನವರಾತ್ರಿಯ ಹೊತ್ತಿಗೆ ನನ್ನ ವಸಡು ಬಿಗಿಯಾಯಿತು. ಅಲುಗಾಡುವ ಹಲ್ಲುಗಳನ್ನು ಒಳಗಿನಿಂದ ತಂತಿ ಹಾಕಿ ಕೂಡಿಸಿದರು. ಮೂರು ತಿಂಗಳಿಗೊಮ್ಮೆ ತಪ್ಪದೆ ಬರಬೇಕು ಎಂದರು. ಹೋದಾಗ ಡಾಕ್ಟರಮ್ಮ ಕೇಳಿದಳು, "ನಿಮ್ಮ ಜೋಡಿ ಬಂದಿದ್ದ ಅಜ್ಜಿ ಮತ್ತ ಬರಲೇ ಇಲ್ಲಲ್ರಿ. ರಕ್ತಕ್ಕ ಅಂಜಿದ್ರೇನ? ನಾ ನಿಮಗ ಹೇಳಿದ್ನೆಲ್ಲಾ." ಬಾಯಿ ತೆರೆದೇ ಇತ್ತು, ಉತ್ತರ ಕೊಡುವ ಹಾಗಿರಲಿಲ್ಲ. ಅದೊಂದು ಪುಣ್ಯ.

ಚಳಿಗಾಲದಲ್ಲಿ ಗಂಗಕ್ಕನ ವಸಡಿನಲ್ಲಿ ಕೀವು ತುಂಬಿತು. ಒಂದು ಹಲ್ಲು ರೊಟ್ಟಿಯ ಜೊತೆಗೇ ಬಂತು, ಇನ್ನೊಂದನ್ನು ಅವಳೇ ದಾರ ಕಟ್ಟಿ ಎಳೆದುಕೊಂಡಳು. ಸಕ್ಕರೆಯೂ ಏರಿದೆ ಎಂದು ಆಮೇಲೆ ಗೊತ್ತಾಯಿತು. ಬೇಸಿಗೆಯ ಹೊತ್ತಿಗೆ ಮುಖ ಬಾತು ಜ್ವರ ಬಂದಾಗ ಮತ್ತೆ ನಾನೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ಎಕ್ಸ್‌ರೇ ಹಿಡಿದು ಬಹಳ ಹೊತ್ತು ನೋಡಿದಳು. ಉಳಿಸುವಂಥದ್ದು ಒಂದೂ ಇಲ್ಲ ಎಂದಳು. ಯಾರನ್ನೂ ಬೈಯಲಿಲ್ಲ.

ಕೊನೆಯ ಹಲ್ಲುಗಳನ್ನು ತೆಗೆಸುವ ದಿನ ಬೆಂಚಿನ ಮೇಲೆ ನಮ್ಮ ಸರದಿ ಕಾಯುತ್ತಾ ಕೂತಿದ್ದಾಗ ನಾನು ಹೇಳಿದೆ. ರಕ್ತ ಬರುತ್ತದೆಂದು ನನಗೆ ಮೊದಲೇ ಗೊತ್ತಿತ್ತು, ನೀನು ಅಂಜುತ್ತೀ ಎಂದು ಬಸ್ಸಿನಲ್ಲಿ ಮುಚ್ಚಿಟ್ಟೆ, ನೀನು ಬ್ರಷ್ಷು ಹಿಡಿದು ಕೇಳಿದ ದಿನ ಸಾಕಾಗಿ ಸುಳ್ಳು ಹೇಳಿದೆ, ಅದು ತಾನಾಗಿ ನಿಲ್ಲುವ ರಕ್ತವಾಗಿತ್ತು. ಎಲ್ಲ ಹೇಳಿದೆ. ಅಳು ಬಂತು, ಅತ್ತೆ. ಗಂಗಕ್ಕ ಸೆರಗಿನಿಂದ ದವಡೆ ಒತ್ತಿಕೊಂಡು ಎದುರಿನ ಗೋಡೆ ನೋಡುತ್ತಿದ್ದಳು.

"ಆವಾಗ ಹೇಳಿದ್ರ ನಾ ಮಶೇರಿ ಬಿಡ್ತಿದ್ದೇ ಇಲ್ಲ ಬಿಡು" ಎಂದಳು.

ಖರೇ ಹೇಳಿದಳೋ, ನನ್ನನ್ನು ಸಮಾಧಾನ ಮಾಡಲು ಹೇಳಿದಳೋ ಕೇಳಲು ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಅವಳ ಹೆಸರು ಕರೆದರು. ಎದ್ದು ಹೋಗುವಾಗ ತನ್ನ ಚೀಲವನ್ನು ನನ್ನ ಮಡಿಲಲ್ಲಿ ಇಟ್ಟಳು.

ಗಂಗಕ್ಕ ಈಗಲೂ ಕೆಲಸಕ್ಕೆ ಬರುತ್ತಾಳೆ. ಹಲ್ಲಿನ ಸೆಟ್ಟು ಮಾಡಿಸಿಕೊಂಡಿದ್ದಾಳೆ. ಮದುವೆಗೋ ಮುಂಜಿವೆಗೋ ಹೋಗುವಾಗ ಹಾಕುತ್ತಾಳೆ, ಒಲೆಯ ಮುಂದೆ ಕೂರುವಾಗ ತೆಗೆದಿಡುತ್ತಾಳೆ. ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾಳೆ. ಮಶೇರಿ ಬಿಟ್ಟಿದ್ದಾಳೆ. ತಿಕ್ಕಲು ಹಲ್ಲೇ ಇಲ್ಲವಲ್ಲ ಎಂದು ತಾನೇ ನಗುತ್ತಾಳೆ, ನಾವು ನಗುವುದಿಲ್ಲ.

ಈ ಸಲದ ಮಳೆಗಾಲದಲ್ಲಿ ಶಾಂತವ್ವನ ಹಲ್ಲು ಅಲುಗಾಡತೊಡಗಿದವು. ಗಂಗಕ್ಕನ ಬಾಯಿ ದಿನಾ ಕಣ್ಣೆದುರಿಗಿದ್ದುದರಿಂದಲೋ ಏನೋ, ಯಾರೂ ಹೇಳದೆಯೇ ಡಬ್ಬಿ ಬಿಟ್ಟಳು. ಎರಡನೇ ವಾರ ಬಚ್ಚಲಿನಿಂದ ಓಡುತ್ತಾ ಬಂದು ಬ್ರಷ್ಷು ತೋರಿಸಿದಳು. ನೊರೆ ಕೆಂಪಗಿತ್ತು. ನಾನು ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಬಾಯಿ ತೆರೆಯುವುದರೊಳಗೆ ಗಂಗಕ್ಕ ಹೇಳಿದಳು. ಹಲ್ಲಿಲ್ಲದ ಬಾಯಿಯಿಂದ ಗಾಳಿ ಸೋರಿ ಮಾತು ತೊದಲುತ್ತಿತ್ತು, ಆದರೂ ಬಿಡಿಬಿಡಿಸಿ ಹೇಳಿದಳು.

"ಬರಲಿ ಬಿಡು. ಅಂಜಬ್ಯಾಡ. ತಂಬಾಕು ಮುಚ್ಚಿ ಇಟ್ಟಿದ್ದು ಅದು. ಬ್ರಷ್ ಮಾಡೂದು ಬಿಡಬ್ಯಾಡ, ತಾನ ನಿಲ್ತೈತಿ. ನಿಲ್ಲಲಿಲ್ಲಂದ್ರ ದವಾಖಾನಿಗೆ ಹೋಗು, ಡಬ್ಬಿ ಮುಟ್ಟಬ್ಯಾಡ."

"ಖರೇನಕ್ಕಾ? ನಿನಗ ಯಾರ ಹೇಳಿದ್ರು?"

ಗಂಗಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಮಾದೇವಿ ಹೇಳ್ಯಾಳ" ಎಂದಳು.

ಹೌದು, ಹೇಳಿದ್ದೆ. ಅವಳ ಕೊನೆಯ ಹಲ್ಲೂ ಹೋಗುವ ದಿನ.